ನಕ್ಷತ್ರಕ್ಕಿಂತ ನಂಬರೇ ಮೇಲು

ಎರಡನೇ ಮಹಾಯುದ್ಧದ ಕಾಲದ ಜೀಪಿಗೆ ಯಾರಾದರೂ ಹೊಸ ಬಣ್ಣ ಹೊಡೆಸಿದರೆ, ಬಾನೆಟ್ಟಿನ ಮೇಲೆ ದೊಡ್ಡದೊಂದು ಬಿಳಿ ನಕ್ಷತ್ರ ಬರೆಸದೆ ಬಿಡುವುದಿಲ್ಲ. ನೋಡುವವರ ಕಣ್ಣೂ ಮೊದಲು ಹೋಗುವುದು ಅದರ ಮೇಲೇ. ಆದರೆ ಆ ನಕ್ಷತ್ರ ಹೇಳುವುದು ಬಹಳ ಕಡಿಮೆ. 1942ರಲ್ಲಿ ಅಮೆರಿಕದ ಸೈನ್ಯ ಅದನ್ನು ತನ್ನ ವಾಹನಗಳ ರಾಷ್ಟ್ರಚಿಹ್ನೆಯಾಗಿ ಗೊತ್ತುಮಾಡಿತು. ದೂರದಿಂದ ಜರ್ಮನರ ಶಿಲುಬೆಯಂತೆ ಕಾಣಬಹುದೆಂಬ ಅಂಜಿಕೆಯಿಂದ ಆಮೇಲೆ ಅದರ ಸುತ್ತ ಒಂದು ವೃತ್ತ ಸೇರಿತು. 1944ರಲ್ಲಿ ನಾರ್ಮಂಡಿಗೆ ಇಳಿಯುವ ಹೊತ್ತಿಗೆ ಬ್ರಿಟಿಷ್ ಮತ್ತು ಕೆನಡಾದ ಗಾಡಿಗಳ ಮೇಲೂ ಅದೇ ನಕ್ಷತ್ರವಿತ್ತು. ‘ಇದು ನಮ್ಮ ಕಡೆಯ ಗಾಡಿ, ಗುಂಡು ಹಾರಿಸಬೇಡಿ’ ಎಂದು ಮೇಲೆ ಹಾರುವ ವಿಮಾನಕ್ಕೆ ತಿಳಿಸುವುದಷ್ಟೇ ಅದರ ಕೆಲಸ. ಶತ್ರುವಿನ ತೋಪಿಗೆ ಒಳ್ಳೆಯ ಗುರಿಯಾಗುತ್ತದೆಂದು ಟ್ಯಾಂಕಿನ ಸೈನಿಕರು ಅದನ್ನು ಬಣ್ಣ ಬಳಿದು ಮುಚ್ಚಿದ್ದೂ ಉಂಟು. ಲಕ್ಷಾಂತರ ವಾಹನಗಳ ಮೇಲಿದ್ದ ಒಂದೇ ಗುರುತು ಒಂದು ನಿರ್ದಿಷ್ಟ ವಾಹನದ ಕಥೆಯನ್ನು ಹೇಳಲಾರದು. ಆ ಕಥೆಗೆ ದಾರಿ ತೋರಿಸುವುದು ಬಾನೆಟ್ಟಿನ ಪಕ್ಕದಲ್ಲಿ ಯಾರ ಗಮನಕ್ಕೂ ಬೀಳದಂತಿರುವ ನೋಂದಣಿ ಸಂಖ್ಯೆ. ಹಳೆಯ ಮಿಲಿಟರಿ ವಾಹನವನ್ನು ಉಳಿಸುತ್ತೇವೆ ಎನ್ನುವವರು ಎಲ್ಲಕ್ಕಿಂತ ಮೊದಲು ಉಳಿಸಬೇಕಾದದ್ದು ಆ ಸಂಖ್ಯೆಯನ್ನು ಎಂಬುದು ನನ್ನ ವಾದ.

ಆ ಅಂಕಿಗಳಿಗೆ ಒಂದು ಕ್ರಮವಿತ್ತು. ಅಮೆರಿಕದ ಪದ್ಧತಿಯಲ್ಲಿ ಸಂಖ್ಯೆಯ ಮೊದಲ ಅಂಕಿಗಳೇ ವಾಹನದ ಜಾತಿಯನ್ನು ಹೇಳುತ್ತಿದ್ದವು: 20 ಎಂದಿದ್ದರೆ ಜೀಪು, 30 ಎಂದಿದ್ದರೆ ಟ್ಯಾಂಕು, 40 ಎಂದಿದ್ದರೆ ಮುಂದೆ ಚಕ್ರ, ಹಿಂದೆ ಪಟ್ಟಿ ಇರುವ ಹಾಫ್‌ಟ್ರ್ಯಾಕ್. ಕೊನೆಯಲ್ಲಿ ಎಸ್ ಅಕ್ಷರವಿದ್ದರೆ ಆ ಗಾಡಿಯ ಎಂಜಿನ್ ರೇಡಿಯೊಗೆ ಅಡ್ಡಿಮಾಡದಂತೆ ಅದರ ವಿದ್ಯುತ್ ಸದ್ದನ್ನು ಅಡಗಿಸಲಾಗಿದೆ ಎಂದರ್ಥ. ಬ್ರಿಟಿಷರು ಅಂಕಿಯ ಬದಲು ಅಕ್ಷರ ಹಿಡಿದರು: ಲಾರಿಗೆ ಎಲ್, ಟ್ಯಾಂಕಿಗೆ ಟಿ, ಮೋಟಾರ್‌ಸೈಕಲ್ಲಿಗೆ ಸಿ, ಆಂಬುಲೆನ್ಸಿಗೆ ಎ. ಜರ್ಮನರ ನಂಬರ್ ಪ್ಲೇಟಿನಲ್ಲಿ ಡಬ್ಲ್ಯುಎಚ್ ಎಂದಿದ್ದರೆ ಭೂಸೇನೆ, ಡಬ್ಲ್ಯುಎಲ್ ಎಂದಿದ್ದರೆ ವಾಯುಸೇನೆ. ಅಮೆರಿಕದ ಗಾಡಿಗಳಲ್ಲಿ ಈ ಸಂಖ್ಯೆಯನ್ನು ಮೊದಮೊದಲು ಮಂಕು ನೀಲಿ ಬಣ್ಣದಲ್ಲಿ ಬರೆಯುತ್ತಿದ್ದರು. ಹತ್ತಿರ ಬಂದವರಿಗೆ ಮಾತ್ರ ಓದಲು ಬರುತ್ತಿತ್ತು. ಬಿಳಿ ಬಣ್ಣ ಬಂದದ್ದು ಆಮೇಲೆ. ಆ ಕಾಲದ ಕಪ್ಪುಬಿಳುಪು ಫೋಟೋಗಳಲ್ಲಿ ನೀಲಿ ಸಂಖ್ಯೆ ಹಸಿರಿನಲ್ಲಿ ಕರಗಿಹೋಗಿರುತ್ತದೆ. ಆ ಫೋಟೋಗಳನ್ನೇ ನಂಬಿಕೊಂಡು ‘ಈ ಗಾಡಿಗೆ ನಂಬರೇ ಇರಲಿಲ್ಲ’ ಎಂದು ತೀರ್ಮಾನಿಸುವವರು ಇಂದಿಗೂ ಸಿಗುತ್ತಾರೆ.

ಬಂಪರಿನ ಮೇಲಿನ ಗುರುತುಗಳದು ಬೇರೆಯೇ ಕೆಲಸ. ಯಾವ ಡಿವಿಷನ್, ಯಾವ ರೆಜಿಮೆಂಟ್, ಯಾವ ಕಂಪನಿ, ಅದರಲ್ಲಿ ಎಷ್ಟನೆಯ ಗಾಡಿ ಎಂಬುದೆಲ್ಲ ಅಲ್ಲಿ ಸಾಲಾಗಿ ಇರುತ್ತಿತ್ತು. ಶತ್ರುವಿನ ಗೂಢಚಾರನಿಗೆ ಇದಕ್ಕಿಂತ ಬೆಲೆಬಾಳುವ ಸುದ್ದಿ ಇನ್ನೇನಿದೆ? ಹೀಗಾಗಿಯೇ ಯುದ್ಧಕಾಲದ ಸೆನ್ಸಾರಿನವರು ಪತ್ರಿಕೆಗೆ ಹೋಗುವ ಫೋಟೋಗಳಲ್ಲಿ ಆ ಭಾಗವನ್ನು ಕೆರೆದು ಹಾಕುತ್ತಿದ್ದರು. ಅಮೆರಿಕದ ಸೈನ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುಂದೆ ‘ಗೋಸ್ಟ್ ಆರ್ಮಿ’ ಎಂದು ಹೆಸರಾದ, ಸುಮಾರು 1,100 ಜನರ ಅದರ ಒಂದು ತುಕಡಿ 1944–45ರಲ್ಲಿ ಯುರೋಪಿನಲ್ಲಿ ಗಾಳಿ ತುಂಬಿದ ರಬ್ಬರ್ ಟ್ಯಾಂಕುಗಳನ್ನು ನಿಲ್ಲಿಸಿತು, ಧ್ವನಿವರ್ಧಕದಲ್ಲಿ ಟ್ಯಾಂಕುಗಳ ಸದ್ದು ಹಾಕಿತು, ಜೊತೆಗೆ ತನ್ನ ಗಾಡಿಗಳ ಬಂಪರಿನ ಮೇಲೆ ಬೇರೆ ಡಿವಿಷನ್ನುಗಳ ಗುರುತನ್ನು ಬರೆದುಕೊಂಡು ಹಳ್ಳಿಹಳ್ಳಿ ಸುತ್ತಿತು. ಹಾಗಾದರೆ ಗುರುತುಗಳನ್ನು ನಂಬುವುದು ಹೇಗೆ, ಆಗಲೇ ಸುಳ್ಳು ಬರೆಯುತ್ತಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಬಂಪರಿನ ಗುರುತು ಗಾಡಿ ಸೇರಿದ ಘಟಕದ್ದು. ಘಟಕ ಬದಲಾದರೆ ಅದೂ ಬದಲಾಗುತ್ತದೆ, ಬೇಕೆಂದಾಗ ಒಂದೇ ರಾತ್ರಿಯಲ್ಲಿ ಅಳಿಸಲೂ ಬರುತ್ತದೆ. ನೋಂದಣಿ ಸಂಖ್ಯೆ ಗಾಡಿಯದು. ಯಾವ ಘಟಕಕ್ಕೆ ಹೋದರೂ ಅದು ಗಾಡಿಯ ಜೊತೆಗೇ ಹೋಗುತ್ತಿತ್ತು. ಗೋಸ್ಟ್ ಆರ್ಮಿ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಲೋಹದಲ್ಲೇ ಕೊರೆದ ಚಾಸಿ ನಂಬರ್ ಇರುವಾಗ ಬಣ್ಣದಲ್ಲಿ ಬರೆದದ್ದಕ್ಕೆ ಯಾಕೆ ಇಷ್ಟು ಮಹತ್ವ? ಜೀಪುಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಎಂಬ ಎರಡು ಕಂಪನಿಗಳು ತಯಾರಿಸಿದವು. ಎರಡೂ ಸೇರಿ ಆರು ಲಕ್ಷಕ್ಕಿಂತ ಹೆಚ್ಚು. ಫೋರ್ಡ್ ತನ್ನ ಸಂಖ್ಯೆಯನ್ನು ಚಾಸಿಯ ಮೇಲೇ ಒತ್ತಿತು, ವಿಲ್ಲಿಸ್ ಒಂದು ಚಿಕ್ಕ ತಗಡಿನ ಮೇಲೆ ಒತ್ತಿ ಚಾಸಿಗೆ ರಿವೆಟ್ ಹಾಕಿತು. ಆ ಸಂಖ್ಯೆ ಗಾಡಿ ಹುಟ್ಟಿದ್ದನ್ನು ಹೇಳುತ್ತದೆ, ನಿಜ. ಆದರೆ ಆಮೇಲಿನ ಸೇವೆಯ ಕಾಗದಪತ್ರಗಳಲ್ಲಿ, ಆ ಕಾಲದ ಫೋಟೋಗಳಲ್ಲಿ ಗಾಡಿ ಗುರುತಿಸಿಕೊಳ್ಳುವುದು ನೋಂದಣಿ ಸಂಖ್ಯೆಯಿಂದ. ಫೋಟೋದಲ್ಲಿ ಚಾಸಿ ಕಾಣುವುದಿಲ್ಲ! ಇನ್ನು, ಯುದ್ಧಕಾಲದ ವರ್ಕ್‌ಶಾಪುಗಳಲ್ಲಿ ಒಂದರ ಎಂಜಿನ್ ಇನ್ನೊಂದಕ್ಕೆ, ಒಂದರ ಬಾನೆಟ್ ಮತ್ತೊಂದಕ್ಕೆ ಹೋಗಿರುವುದರಿಂದ ಬಾನೆಟ್ಟಿನ ಸಂಖ್ಯೆ ಆ ಚಾಸಿಯದೇ ಎಂದು ಹೇಳುವುದು ಹೇಗೆ ಎಂಬ ಸಂಶಯವೂ ನ್ಯಾಯವಾದದ್ದೇ. ಸಂಖ್ಯೆಗಳನ್ನು ಖರೀದಿ ಒಪ್ಪಂದದ ಪ್ರಕಾರ ಸಾಲಾಗಿ ಹಂಚುತ್ತಿದ್ದ ಕಾರಣ, ಡ್ಯಾಶ್‌ಬೋರ್ಡಿನ ಪ್ಲೇಟಿನಲ್ಲಿರುವ ವಿತರಣೆಯ ದಿನಾಂಕದ ಜೊತೆ ಹೋಲಿಸಿ ನೋಡಬಹುದು. ತಾಳೆಯಾದರೆ ಗಾಡಿ ಇಡಿಯಾಗಿ ಉಳಿದಿದೆ ಎಂದು ಹೇಳಲು ಆಧಾರ ಸಿಕ್ಕಿತು. ತಾಳೆಯಾಗದಿದ್ದರೆ ಆ ಬಾನೆಟ್ ಇನ್ನೊಂದು ಗಾಡಿಯಿಂದ ಬಂದದ್ದೆಂದು ತಿಳಿಯಿತು. ಎರಡೂ ಇತಿಹಾಸವೇ.

ಸಂಖ್ಯೆ ಸಿಗುವುದಾದರೂ ಹೇಗೆ? ಎಂಬತ್ತು ವರ್ಷಗಳಲ್ಲಿ ಜೀಪಿನ ಮೇಲೆ ಏಳೆಂಟು ಪದರ ಬಣ್ಣ ಕೂತಿರಬಹುದು. ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದರೆ, ಪೇಂಟ್ ರಿಮೂವರ್ ಬಳಿದರೆ ಅರ್ಧ ಗಂಟೆಯಲ್ಲಿ ಬರಿ ತಗಡು ಹೊಳೆಯುತ್ತದೆ. ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಮಾಡಬೇಕಾದ ಕೆಲಸ ನಿಧಾನದ್ದು. ನುಣುಪಾದ ವಾಟರ್ ಪೇಪರನ್ನು ನೀರಲ್ಲಿ ಅದ್ದಿ, ಬಾನೆಟ್ಟಿನ ಪಕ್ಕದಲ್ಲಿ ಅಂಗೈಯಗಲ ಜಾಗವನ್ನು ಹಗುರವಾಗಿ ತಿಕ್ಕುತ್ತ ಹೋದರೆ, ಮರ ಕೊಯ್ದಾಗ ಕಾಣುವ ಉಂಗುರಗಳಂತೆ ಪದರಗಳು ಒಂದರ ಸುತ್ತ ಒಂದು ತೆರೆದುಕೊಳ್ಳುತ್ತವೆ. ಹೊರಗೆ ಕೊನೆಯ ಮಾಲೀಕನ ಕೆಂಪು, ಅದರ ಒಳಗೆ ಬೂದಿ, ಆಮೇಲೆ ಹಸಿರು. ಹಸಿರು ಕಾಣುತ್ತಲೇ ಕೈ ತಡೆಯಬೇಕು. ಮೊದಲು ಒಂದು ಅಂಕಿಯ ಬಾಗಿದ ಅಂಚು ಕಾಣುತ್ತದೆ, ಆಮೇಲೆ ಪಕ್ಕದ್ದು. ಬ್ರಿಟಿಷರ ಕೈಗೆ ಹೋಗಿದ್ದ ಜೀಪಾದರೆ ಮೇಲಿನ ಪದರದಲ್ಲಿ ಅವರ ಎಂ ಅಕ್ಷರದ ಸಂಖ್ಯೆ, ಕೆಳಗಿನದರಲ್ಲಿ ಅಮೆರಿಕದ 20, ಎರಡೂ ಸಿಗುವ ಸಾಧ್ಯತೆ ಇದೆ.

ಇಷ್ಟಾದರೂ ಬಹಳ ಜನ ಬರೆಸುವುದು ಯಾವುದೋ ಪ್ರಸಿದ್ಧ ಪ್ಯಾರಾಟ್ರೂಪ್ ಘಟಕದ ಗುರುತನ್ನು. ಹೋರಾಡಿದವರಿಗೆ ಇದು ನಾವು ಸಲ್ಲಿಸುವ ಗೌರವ ಎನ್ನುತ್ತಾರೆ. ಆ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎಲ್ಲೋ ಉಗ್ರಾಣದ ಸಾಮಾನು ಸಾಗಿಸುತ್ತಿದ್ದ ಗಾಡಿಯ ಚಾಲಕನೂ ಆ ಯುದ್ಧದಲ್ಲಿ ದುಡಿದವನೇ. ಅವನ ಗಾಡಿಯ ಸಂಖ್ಯೆಯನ್ನು ಉಜ್ಜಿ ತೆಗೆದು ಇನ್ನೊಬ್ಬನ ಹೆಸರು ಹಾಕಿದರೆ, ಗೌರವ ಸಿಕ್ಕಿದ್ದು ಈಗಾಗಲೇ ಹೆಸರು ಮಾಡಿದವನಿಗೆ ಮಾತ್ರ. ಇಂಗ್ಲೆಂಡಿನ ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಂನಲ್ಲಿರುವ ಜರ್ಮನ್ ಟೈಗರ್ ಟ್ಯಾಂಕನ್ನು ನೋಡಿ. 1943ರಲ್ಲಿ ಟುನೀಸಿಯಾದಲ್ಲಿ ಸೆರೆಸಿಕ್ಕಾಗ ಅದರ ಮೇಲಿದ್ದ ಸಂಖ್ಯೆ 131: ಒಂದನೇ ಕಂಪನಿ, ಮೂರನೇ ಪ್ಲಟೂನ್, ಒಂದನೇ ಟ್ಯಾಂಕು. ಆ ಮೂರು ಅಂಕಿಯನ್ನೇ ಇಂದಿಗೂ ಉಳಿಸಿಕೊಂಡಿದ್ದಾರೆ. ಜಗತ್ತು ಅದನ್ನು ಗುರುತಿಸುವುದೂ ‘ಟೈಗರ್ 131’ ಎಂದೇ.

ಭಾರತಕ್ಕೂ ಈ ಮಾತು ಹತ್ತಿರದ್ದು. ನಾಲ್ಕನೇ ಭಾರತೀಯ ಡಿವಿಷನ್ನಿನ ಕೆಂಪು ಹದ್ದು, ಬರ್ಮಾದಲ್ಲಿ ಕಾದಾಡಿದ ಹದಿನೇಳನೆಯದರ ಕಪ್ಪು ಬೆಕ್ಕು, ಇಪ್ಪತ್ಮೂರನೆಯದರ ಕೆಂಪು ಹುಂಜ, ಇವೆಲ್ಲ ಆ ಕಾಲದ ಲಾರಿ, ಜೀಪುಗಳ ಮೇಲೆ ಓಡಾಡಿದ ಚಿಹ್ನೆಗಳು. ಯುದ್ಧ ಮುಗಿದ ಮೇಲೆ ಸೈನ್ಯದ ಡಿಸ್ಪೋಸಲ್ ಜೀಪುಗಳು ನಮ್ಮ ಮಲೆನಾಡಿಗೂ ಕೊಡಗಿನ ಕಾಫಿ ತೋಟಗಳಿಗೂ ಬಂದವು, ಊರಿನ ನಂಬರ್ ಪ್ಲೇಟ್ ಹಾಕಿಸಿಕೊಂಡು ದುಡಿದವು. ಈಗಿನ ಸೈನ್ಯದ ವಾಹನಗಳ ಸಂಖ್ಯೆಯಲ್ಲಿ ಮೇಲ್ಮುಖವಾದ ಬಾಣವಿದೆ, ಅದರ ಪಕ್ಕದ ಎರಡು ಅಂಕಿ ಸೈನ್ಯ ಗಾಡಿಯನ್ನು ಕೊಂಡ ವರ್ಷ. ಪ್ಲೇಟು ತಲೆಕೆಳಗಾದರೆ ಗೊತ್ತಾಗಲಿ ಎಂದು ಬಾಣ ಹಾಕಿದ್ದಾರೆ ಎಂಬ ವಿವರಣೆ ಜನರ ಬಾಯಲ್ಲಿದೆ. ಅಂಕಿ, ಅಕ್ಷರಗಳೇ ಅದನ್ನು ಹೇಳುವಾಗ ಬಾಣ ಬೇಕಾಗಿಲ್ಲ. ಹದಿನೇಳನೇ ಶತಮಾನದಿಂದ ಬ್ರಿಟಿಷ್ ಸರ್ಕಾರ ತನ್ನ ಸೈನಿಕ ಸೊತ್ತಿನ ಮೇಲೆ ಒತ್ತುತ್ತಿದ್ದ ಬಾಣದ ಮುದ್ರೆಯ ಬಳುವಳಿ ಅದು ಎನ್ನುವುದೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ನಮ್ಮ ಮಾಲೀಕರಿಗೆ ಕಾನೂನಿನ ತೊಡಕೂ ಉಂಟು: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ವಾಹನಕ್ಕೆ ಸೈನ್ಯದ ಆಲಿವ್ ಹಸಿರು ಹೊಡೆಯುವಂತಿಲ್ಲ. ರಸ್ತೆಗೆ ಇಳಿಸುವುದಾದರೆ ಬೇರೆ ಬಣ್ಣ ಹೊಡೆಸಲೇಬೇಕು. ಆದರೆ ಹಳೆಯದನ್ನು ಪೂರ್ತಿ ಕಿತ್ತುಹಾಕಬೇಕೆಂದು ನಿಯಮ ಹೇಳುವುದಿಲ್ಲ. ಸಂಖ್ಯೆ ಸಿಕ್ಕ ಜಾಗದ ಮೇಲೆ ತೆಳುವಾದ ಕಾಗದವಿಟ್ಟು ಅಂಕಿಗಳ ಅಚ್ಚು ತೆಗೆದುಕೊಳ್ಳಬಹುದು, ಅಳತೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆಯಬಹುದು, ಆಮೇಲೆ ಅದರ ಮೇಲೆ ಪಾರದರ್ಶಕ ವಾರ್ನಿಷ್ ಬಳಿದು ಹೊಸ ಬಣ್ಣ ಹೊಡೆಸಬಹುದು. ಜಬಲ್ಪುರದಲ್ಲಿ ತಯಾರಾದ ಜೋಂಗಾ ಜೀಪುಗಳು ಸೈನ್ಯದಿಂದ ಹೊರಬಂದು ಈಗ ಖಾಸಗಿಯವರ ಕೈಯಲ್ಲಿವೆ. ಅವುಗಳ ಬಾಣದ ಸಂಖ್ಯೆ ಇನ್ನೂ ಒಂದೆರಡು ಪದರದ ಕೆಳಗೇ ಇರುವ ಸಾಧ್ಯತೆ ಹೆಚ್ಚು. ಪೇಂಟರ್ ಕೆಲಸಕ್ಕೆ ಕೈಹಾಕುವ ಮುನ್ನ ಅದನ್ನು ಹುಡುಕಿ, ಫೋಟೋ ತೆಗೆದು, ಆರ್‌ಸಿ ಜೊತೆ ಇಟ್ಟುಕೊಳ್ಳಲು ಅರ್ಧ ದಿನ ಸಾಕು.