ಆವರಿಕೆಗೆ ನೀರೇ ಬೇಡವೇ?

ಮಳೆಗಾಲ ಮುಗಿಯುವ ಹೊತ್ತಿಗೆ ಹಿರಿಯೂರಿನಿಂದ ಚಳ್ಳಕೆರೆ ಕಡೆ ಹೊರಟರೆ ಬಯಲೆಲ್ಲ ಆವರಿಕೆ. ತಂಗಡಿ ಎನ್ನುವವರೂ ಉಂಟು. ತೆಲಂಗಾಣದವರು ಇದನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡಿದ್ದಾರೆ, ಬತುಕಮ್ಮ ಹಬ್ಬದಲ್ಲಿ ಪದರ ಪದರವಾಗಿ ಜೋಡಿಸುತ್ತಾರೆ. ಯಾರೂ ನೀರು ಹಾಯಿಸದೆ, ಗೊಬ್ಬರ ಹಾಕದೆ ತಿಂಗಳುಗಟ್ಟಲೆ ಹಳದಿಯಾಗಿ ನಿಲ್ಲುವ ಈ ಗಿಡವನ್ನು ಕಂಡು, ಮನೆಮುಂದಿನ ಬಿಸಿಲಿನ ಜಾಗಕ್ಕೆ ಒಂದು ಸಸಿ ತಂದು ನೆಡುತ್ತೇವೆ. ಇದಕ್ಕೆ ನೀರೇ ಬೇಡವಂತೆ ಎಂದು ಸುಮ್ಮನಾಗುತ್ತೇವೆ. ಏಪ್ರಿಲ್ ಹೊತ್ತಿಗೆ ಸಸಿ ಕಡ್ಡಿಯಾಗಿರುತ್ತದೆ. ನಮ್ಮ ಹಿತ್ತಲಲ್ಲಿ ಮೊದಲ ಎರಡು ಸಸಿ ಹೋದದ್ದು ಹೀಗೆಯೇ.

ನೀರು ಬೇಡ ಎಂಬ ಮಾತು ಬೇರೂರಿದ ಗಿಡಕ್ಕೆ ನಿಜ, ಸಸಿಗೆ ಸುಳ್ಳು. ಬರ ತಡೆಯುವುದು ಬೇರು. ಅದು ಆಳಕ್ಕೆ ಇಳಿಯಲು ಕಾಲ ಬೇಕು. ಬಯಲಿನ ಗಿಡ ಬೀಜ ಬಿದ್ದಲ್ಲೇ ಮೊಳೆತು ತಾಯಿಬೇರನ್ನು ನೆಟ್ಟಗೆ ಕೆಳಗಿಳಿಸಿರುತ್ತದೆ. ಅದರ ಜೊತೆ ಹುಟ್ಟಿ, ಮೊದಲ ಬೇಸಿಗೆಯಲ್ಲೇ ಒಣಗಿಹೋದ ಸಸಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನರ್ಸರಿ ಕವರಿನಲ್ಲಿ ಬಹಳ ದಿನ ಇದ್ದ ಸಸಿಗಂತೂ ಬೇರು ಸುತ್ತಿಕೊಂಡು ಉಂಡೆಯಾಗಿರುತ್ತದೆ. ಮೊದಲ ವರ್ಷ ಮಳೆಯಿಲ್ಲದ ದಿನಗಳಲ್ಲಿ ವಾರಕ್ಕೊಂದು ಕೊಡ ನೀರನ್ನು ನಿಧಾನವಾಗಿ ಬುಡಕ್ಕೆ ಇಂಗಿಸಿ. ದಿನಾ ಸಂಜೆ ಪೈಪು ಹಿಡಿದು ಚಿಮುಕಿಸಿದರೆ ಎರಡು ಬೆರಳಷ್ಟು ಮಣ್ಣು ನೆನೆಯುತ್ತದೆ, ಬೇರೂ ಅಲ್ಲೇ ಮೇಲೆ ಉಳಿಯುತ್ತದೆ. ಎರಡನೆಯ ಮಳೆಗಾಲ ದಾಟಿದ ಮೇಲೆ ಕೊಡ ಕೆಳಗಿಡಬಹುದು. ಆಮೇಲೂ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಬೀಜದಿಂದಲೇ ಬೆಳೆಸುವುದು ನನ್ನ ಮಟ್ಟಿಗೆ ಉತ್ತಮ. ಬಿತ್ತಿದ್ದು ಹುಟ್ಟಲಿಲ್ಲ, ಬೀಜ ಜೊಳ್ಳು ಎಂದು ಎಸೆಯುವವರಿದ್ದಾರೆ. ಜೊಳ್ಳಲ್ಲ, ಸಿಪ್ಪೆ ಗಟ್ಟಿ. ಸ್ಯಾಂಡ್‌ಪೇಪರಿಗೆ ಒಂದು ಬದಿ ಉಜ್ಜಿ, ರಾತ್ರಿ ನೆನೆಹಾಕಿ, ಗಿಡ ಎಲ್ಲಿರಬೇಕೋ ಅಲ್ಲೇ ಊರಿ. ಕಿತ್ತು ನೆಟ್ಟರೆ ತಾಯಿಬೇರು ಮುರಿಯುತ್ತದೆ.

ಗೊಬ್ಬರ ಹೆಚ್ಚಾದಷ್ಟೂ ಹೂ ಹೆಚ್ಚು ಎಂಬ ನಂಬಿಕೆ ಇನ್ನೊಂದು. ಯೂರಿಯಾ ಬಿದ್ದರೆ ಗಿಡ ಎಲೆ ಬಿಡುತ್ತದೆ, ಎಳೆ ಚಿಗುರು ಉದ್ದವಾಗುತ್ತದೆ, ಹೂ ಹಿಂದೆ ಸರಿಯುತ್ತದೆ. ಚೆಂಡು ಹೂ, ಹಳದಿ ಕಾಸ್ಮಾಸ್‌ಗೂ ಇದೇ ಮಾತು. ಹಾಗೆಂದು ಆವರಿಕೆ ಹುರುಳಿ, ಅವರೆಯ ಬಳಗದ್ದು, ಬೇರಿನ ಗಂಟಿನಲ್ಲಿ ತಾನೇ ಸಾರಜನಕ ಹಿಡಿದಿಡುತ್ತದೆ ಎನ್ನುವುದೂ ತಪ್ಪು. ಬಳಗ ಅದೇ, ಆದರೆ ಇದರ ಬೇರಿನಲ್ಲಿ ಆ ಗಂಟುಗಳು ಕಟ್ಟುವುದಿಲ್ಲ. ವರ್ಷಕ್ಕೊಮ್ಮೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಸಾಕು. ಅದಕ್ಕಿಂತ ಕತ್ತರಿಯ ಕೆಲಸ ಮುಖ್ಯ: ಚಪ್ಪಟೆ ಕಾಯಿಗಳು ತೂಗಾಡಲು ಶುರುವಾದಾಗ ಹೆಚ್ಚಿನವನ್ನು ತೆಗೆದು ತುದಿಗಳನ್ನು ಸವರಿದರೆ, ಕಾಯಿಗೆ ಹೋಗುವ ಶಕ್ತಿ ಹೊಸ ಕವಲಿಗೆ ಹೋಗಿ ಮತ್ತೆ ಮೊಗ್ಗು ಬರುತ್ತದೆ.

ಹೂವಿದ್ದಲ್ಲಿ ಮಕರಂದ ಇದ್ದೇ ಇರುತ್ತದೆ ಎಂದುಕೊಂಡವರು ಒಂದು ಬೆಳಿಗ್ಗೆ ಈ ಗಿಡದ ಹತ್ತಿರ ಕೂರಬೇಕು. ಆವರಿಕೆ ಹೂವಿನಲ್ಲಿ ಮಕರಂದವಿಲ್ಲ, ಪರಾಗವಷ್ಟೇ. ಅದೂ ಕೈಗೆ ಸಿಗುವಂತಿಲ್ಲ: ಪರಾಗದ ಚೀಲಕ್ಕೆ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ಕಪ್ಪನೆಯ ದಪ್ಪ ದುಂಬಿ ಬಂದು ಕೇಸರಗಳನ್ನು ಅಪ್ಪಿಕೊಳ್ಳುತ್ತದೆ. ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ನಡುಗಿಸುತ್ತದೆ. ಹಾರುವಾಗಿನ ಸದ್ದಿಗಿಂತ ಕೀರಲಾದ ಒಂದು ಝೇಂಕಾರ, ಹೂವೇ ಅದುರುತ್ತದೆ, ಉಪ್ಪು ಉದುರಿದಂತೆ ಪರಾಗ ಅದರ ಹೊಟ್ಟೆಗೆ ಸುರಿಯುತ್ತದೆ. ನಾವು ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು. ಸಿಹಿ ಬೇಕಾದರೆ ಎಲೆಯ ಕಡೆ ನೋಡಿ: ಜೋಡಿ ಎಲೆಗಳ ನಡುವೆ, ದಂಟಿನ ಮೇಲೆ ಸಣ್ಣ ಗ್ರಂಥಿಗಳಿವೆ, ಇರುವೆಗಳು ಅಲ್ಲಿಗೆ ಬರುತ್ತವೆ.

ನೀರು ಕೇಳದ ಹಳದಿ ಹೂವೆಂದು ಗೇಟಿನ ಬಳಿ ಹಳದಿ ಕಣಗಿಲೆ ನೆಡುವುದು ರೂಢಿ. ದೇವರಿಗೆ ಏರಿಸುವ ಹೂ, ಅಪಾಯವಿಲ್ಲ ಎಂಬ ಭಾವನೆ ಇದೆ. ಬೀಜ, ಎಲೆ, ಹಾಲು, ಎಲ್ಲವೂ ಹೃದಯಕ್ಕೆ ವಿಷ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದನ್ನು ದಯವಿಟ್ಟು ನೆಡಬೇಡಿ. ಆವರಿಕೆ ಹೂವಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ವಾಸಿ ಎಂದು ಮಾತ್ರೆ ಬಿಡುವವರಿಗೂ ನನ್ನದು ಇಷ್ಟೇ ಕೋರಿಕೆ, ಮಾತ್ರೆ ಬಿಡಬೇಡಿ.

ಇನ್ನು ಹುಳು. ಎಲೆ ತೂತಾಗಿದೆ, ಹಸಿರು ಹುಳು ಹತ್ತಿದೆ ಎಂದು ಔಷಧಿ ಹೊಡೆಯಲು ಓಡುವ ಮೊದಲು ಎರಡು ವಾರ ತಡೆಯಿರಿ. ಬಿಳಿ-ತಿಳಿಹಸಿರು ರೆಕ್ಕೆಯ ವಲಸೆ ಚಿಟ್ಟೆಗಳು ಮೊಟ್ಟೆಯಿಡುವುದು ಈ ಜಾತಿಯ ಎಲೆಗಳ ಮೇಲೆ. ನಮ್ಮ ಗಿಡವನ್ನು ಕಳೆದ ಬಾರಿ ಹುಳು ಅರ್ಧ ಬೋಳು ಮಾಡಿದವು. ತಿಂಗಳೊಳಗೆ ಅದೇ ಕಡ್ಡಿಗಳಲ್ಲಿ ಚಿಗುರು, ಚಿಗುರಿನ ತುದಿಯಲ್ಲಿ ಮೊಗ್ಗು.