ನಾಯಿಗೂ ಇರಲಿ ಒಂದು ಮದ್ದಿನ ಡಬ್ಬಿ

ತೋಟಕ್ಕೆ ನುಗ್ಗಿದ ಕಾಡುಹಂದಿಯನ್ನು ಅಟ್ಟಿಕೊಂಡು ಹೋದ ನಮ್ಮ ನಾಯಿ ತೊಡೆ ಸೀಳಿಸಿಕೊಂಡು ಬಂತು. ರಾತ್ರಿ ಹತ್ತು ಗಂಟೆ, ಜಡಿಮಳೆ. ದನದ ಡಾಕ್ಟ್ರು ಇರುವುದು ಹದಿನಾಲ್ಕು ಕಿಲೋಮೀಟರ್ ಆಚೆ. ಟಾರ್ಚ್ ಸಿಕ್ಕಿದರೆ ಬಟ್ಟೆ ಇಲ್ಲ, ಬಟ್ಟೆ ಸಿಕ್ಕಿದರೆ ಮದ್ದಿಲ್ಲ. ಕೊನೆಗೆ ಅರಸಿನ ಮೆತ್ತಿ ಬಿಟ್ಟೆವು. ನಾಲ್ಕನೇ ದಿನ ಗಾಯದಲ್ಲಿ ಹುಳ! ನಾಯಿ ಉಳಿಯಿತು, ಕಾಲು ಮಾತ್ರ ಇವತ್ತಿಗೂ ಕುಂಟು. ಆಮೇಲೆ ಚಾವಡಿಯಲ್ಲಿ ಅದಕ್ಕೆಂದೇ ಒಂದು ಹಳೆ ಬಿಸ್ಕತ್ ಡಬ್ಬಿ ಇಟ್ಟಿದ್ದೇವೆ.

ಅದರಲ್ಲಿ ಮೊದಲು ಬೇಕಾದ್ದು ಮದ್ದಲ್ಲ, ಬಾಯಿ ಕಟ್ಟುವ ಬಟ್ಟೆ. ಎಷ್ಟೇ ಸಾಧು ನಾಯಿಯಾದರೂ ನೋವಾದಾಗ ಯಜಮಾನನನ್ನೇ ಕಚ್ಚೀತು. ಎರಡು ಬೆರಳು ಅಗಲ, ಎರಡು ಮೊಳ ಉದ್ದದ ಪಟ್ಟಿ ಸಾಕು. ಮೂತಿಗೆ ಸುತ್ತಿ, ದವಡೆಯ ಅಡಿಯಿಂದ ತಂದು ಕಿವಿಗಳ ಹಿಂದೆ ಗಂಟು ಹಾಕಿ. ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಕಟ್ಟಲೇಬಾರದು.

ರಕ್ತ ಸೋರುವಾಗ ಶುದ್ಧ ಬಟ್ಟೆಯ ಮಡಿಕೆ ಇಟ್ಟು ಐದು-ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಪದೇ ಪದೇ ಎತ್ತಿ ನೋಡಬಾರದು. ಬಟ್ಟೆ ನೆನೆದರೆ ಮೇಲೆ ಇನ್ನೊಂದು. ರಕ್ತ ನಿಂತ ಗಾಯ ತೊಳೆಯಲು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು. ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಲ್ಲಿ ಚಿಮ್ಮಿಸಿದರೆ ಮಣ್ಣು, ಕಸ ಹೊರಬರ್ತದೆ. ಪೊವಿಡೋನ್ ಅಯೋಡಿನ್, ಬ್ಯಾಂಡೇಜ್, ಉಣ್ಣಿ ಕೀಳಲು ಚಿಮುಟ, ಕೈಗವಸು ಇರಲಿ. ನೊಣ ಕೂರದಂತೆ ಹಚ್ಚುವ ಮುಲಾಮನ್ನು ಡಾಕ್ಟರಲ್ಲಿ ಕೇಳಿ ತಂದಿಡಿ. ಮಳೆಗಾಲದಲ್ಲಿ ಇದೇ ಮುಖ್ಯ. ಫಿನಾಯಿಲ್, ಸೀಮೆಎಣ್ಣೆ ಸುರಿಯುವ ಅಭ್ಯಾಸ ಬಿಡಿ. ನಾಯಿ ಗಾಯ ನೆಕ್ಕುತ್ತದೆ, ಅದು ಹೊಟ್ಟೆಗೇ ಹೋಗ್ತದೆ.

ನಮ್ಮ ಜ್ವರದ, ಮೈಕೈ ನೋವಿನ ಮಾತ್ರೆ ಆ ಡಬ್ಬಿಯಲ್ಲಿ ಬೇಡವೇ ಬೇಡ. ಪ್ಯಾರಸಿಟಮಾಲ್, ಡೈಕ್ಲೋಫಿನಾಕ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು. ಇಲಿಪಾಷಾಣ ತಿಂದಿದ್ದರೆ ಉಪ್ಪುನೀರು ಕುಡಿಸುತ್ತಾ ಹೊತ್ತು ಕಳೆಯದೆ, ಅದರ ಪ್ಯಾಕೆಟ್ ಸಮೇತ ಡಾಕ್ಟರಲ್ಲಿಗೆ ಓಡಿ. ಹಾವು ಕಚ್ಚಿದರೂ ಅಷ್ಟೆ. ಬಿಗಿಯುವುದು, ಕೊಯ್ಯುವುದು ಬೇಡ. ನಡೆಸದೆ ಗೋಣಿಯಲ್ಲಿ ಮಲಗಿಸಿ ಇಬ್ಬರು ಹೊತ್ತೊಯ್ಯಿರಿ.

ಇನ್ನೊಂದು. ನಾಯಿ ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದು, ನೀರು ನುಂಗಲಾರದೆ ನಿಂತರೆ 'ಗಂಟಲಲ್ಲಿ ಮೂಳೆ ಸಿಕ್ಕಿದೆ' ಎಂದು ಬಾಯಿಗೆ ಕೈ ಹಾಕುವವರುಂಟು. ಹುಚ್ಚುನಾಯಿ ರೋಗವೂ ಹೀಗೆಯೇ ಕಾಣಬಹುದು. ಅದರ ಲಕ್ಷಣ ಶುರುವಾದ ಮೇಲೆ ನಾಯಿಗೂ ಮದ್ದಿಲ್ಲ, ಮನುಷ್ಯನಿಗೂ ಇಲ್ಲ. ಮುಟ್ಟದೆ ಕೂಡಿಹಾಕಿ ಡಾಕ್ಟರಿಗೆ ತಿಳಿಸಿ. ಕಚ್ಚಿದರೆ, ಪರಚಿದರೆ, ಜೊಲ್ಲು ಗಾಯಕ್ಕೆ ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಬೇಕು. ನಮ್ಮ ಡಬ್ಬಿಯಲ್ಲಿ ಒಂದು ಬಟ್ಟೆಸೋಪೂ ಉಂಟು. ಅದು ನಾಯಿಗಲ್ಲ, ನಮಗೆ.

ಮುಚ್ಚಳದ ಒಳಬದಿಗೆ ಡಾಕ್ಟರ ಫೋನ್ ನಂಬರ್, ನಾಯಿಗೆ ವರ್ಷವರ್ಷ ಹಾಕಿಸುವ ರೇಬಿಸ್ ಚುಚ್ಚುಮದ್ದಿನ ತಾರೀಕು ಅಂಟಿಸಿದ್ದೇನೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಅವಧಿ ಮುಗಿದ ಮದ್ದುಗಳನ್ನು ತೆಗೆದು ಹೊಸತು ಹಾಕಿಡುತ್ತೇವೆ.