ಹೊಸ್ತಿಲ ಬಳಿಯ ಆಗಂತುಕ : ಜನಪದ ಕಥನಗಳಲ್ಲಿ ಸಮಯಸ್ಫೂರ್ತಿಯ ಸ್ವರೂಪ

1

ಮನೆಯೊಳಗಿರುವವರು ದುರ್ಬಲರು, ಹೊರಗಿನಿಂದ ನುಗ್ಗುವವನು ಬಲಶಾಲಿ ಎಂಬುದು ಅತಿಕ್ರಮಣವನ್ನು ಕುರಿತ ಜನಪದ ಕಥನಗಳ ಸಾಮಾನ್ಯ ಆರಂಭಬಿಂದು. ಬಂದವನು ಕಳ್ಳನಿರಬಹುದು, ಶತ್ರುಸೈನಿಕನಿರಬಹುದು, ಇರುಳಿನಲ್ಲಿ ಕದ ತಟ್ಟುವ ದೆವ್ವವೇ ಇರಬಹುದು. ಅವನು ಹೊಸ್ತಿಲನ್ನು ಮುಟ್ಟಿದೊಡನೆ ಒಳಗಿನವರ ಗತಿ ಮುಗಿಯಿತೆಂಬ ನಿರೀಕ್ಷೆಯನ್ನು ಕಥೆ ಮೊದಲು ಹುಟ್ಟಿಸುತ್ತದೆ. ಅನಂತರ ಆ ನಿರೀಕ್ಷೆಯನ್ನು ತಾನೇ ಮುರಿಯುತ್ತದೆ. ಹೀಗೆ ಮುರಿಯುವ ಸಾಧನ ಆಯುಧವಲ್ಲ, ನೆರವಿಗೆ ಬಂದ ಜನಬಲವೂ ಅಲ್ಲ. ಒಳಗಿದ್ದವರ ಸಮಾಧಾನಚಿತ್ತ ಮತ್ತು ಆ ಕ್ಷಣದಲ್ಲಿ ಹೊಳೆದ ಉಪಾಯ.

‘ಶಕ್ತಿಗಿಂತ ಯುಕ್ತಿ ಮೇಲು’ ಎಂಬ ಗಾದೆ ಈ ಅನುಭವದ ಸಾರವನ್ನು ಹಿಡಿದಿಟ್ಟಿದೆ. ಆದರೆ ಗಾದೆ ಫಲಿತವನ್ನಷ್ಟೇ ಹೇಳುತ್ತದೆ. ಯುಕ್ತಿ ಏಕೆ ಗೆಲ್ಲುತ್ತದೆ, ಬಲಶಾಲಿಯ ಯಾವ ಎಡೆಯಲ್ಲಿ ಅದು ಕೈ ಹಾಕುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಕಥೆಗಳಲ್ಲೇ ಹುಡುಕಬೇಕಾಗುತ್ತದೆ. ಈ ದೃಷ್ಟಿಯಿಂದ ಕರ್ನಾಟಕದಲ್ಲಿ ಪ್ರಚಲಿತವಾಗಿರುವ ಮೂರು ಕಥನಗಳು ವಿಶೇಷ ಅಧ್ಯಯನಕ್ಕೆ ಅರ್ಹವಾಗಿವೆ. ತೆನಾಲಿ ರಾಮಕೃಷ್ಣನ ಮನೆಗೆ ಬಂದ ಕಳ್ಳರ ಹಾಸ್ಯಕಥೆ, ಚಿತ್ರದುರ್ಗದ ಓಬವ್ವನ ಐತಿಹ್ಯ ಹಾಗೂ 1990ರ ದಶಕದಲ್ಲಿ ಹಬ್ಬಿದ ‘ನಾಳೆ ಬಾ’ ವದಂತಿ ಇವೇ ಆ ಮೂರು. ಕಾಲ, ಪ್ರಕಾರ, ಧ್ವನಿ ಯಾವುದರಲ್ಲಿಯೂ ಇವುಗಳಿಗೆ ಹೋಲಿಕೆಯಿಲ್ಲ. ಆದರೂ ಆಳದಲ್ಲಿ ಇವು ಒಂದೇ ತಿಳಿವಳಿಕೆಯನ್ನು ಹಂಚಿಕೊಂಡಿವೆ. ಅತಿಕ್ರಮಿಯು ಮರೆಯನ್ನು ಆಶ್ರಯಿಸಿ ಬರುತ್ತಾನೆ. ಆ ಮರೆ ಅವನಿಗೆ ರಕ್ಷಣೆಯಾಗುವಂತೆಯೇ ಕಟ್ಟಳೆಯೂ ಆಗುತ್ತದೆ. ಆ ಕಟ್ಟಳೆಯನ್ನು ಕಂಡುಕೊಂಡವರು ಗೆಲ್ಲುತ್ತಾರೆ.

2

ಮೊದಲನೆಯದು ಮೂರರಲ್ಲಿ ಅತ್ಯಂತ ಸರಳವಾದುದು. ಕೃಷ್ಣದೇವರಾಯನ (ಆಳ್ವಿಕೆ 1509-1529) ಆಸ್ಥಾನದೊಡನೆ ಜನಮನ ಜೋಡಿಸಿರುವ ತೆನಾಲಿ ರಾಮಕೃಷ್ಣನ ಕಥೆಗಳು ತೆಲುಗು, ಕನ್ನಡ, ತಮಿಳು ಮೂರೂ ಭಾಷೆಗಳಲ್ಲಿ ಹರಡಿಕೊಂಡಿವೆ. ಅವುಗಳಲ್ಲೊಂದರಲ್ಲಿ ರಾಮಕೃಷ್ಣನು ಸಂಜೆಗತ್ತಲಲ್ಲಿ ತನ್ನ ಹಿತ್ತಿಲಿನ ಗಿಡಗಳ ಮರೆಯಲ್ಲಿ ಕಳ್ಳರು ಅಡಗಿರುವುದನ್ನು ಕಾಣುತ್ತಾನೆ. ಕೂಗುವುದಿಲ್ಲ, ಓಡುವುದಿಲ್ಲ. ಒಳಗೆ ಹೋಗಿ, ಹೊರಗಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಊರಿನಲ್ಲಿ ಕಳ್ಳರ ಕಾಟ ಹೆಚ್ಚಾಗಿರುವುದರಿಂದ ಒಡವೆಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬಾವಿಗೆ ಹಾಕಿಬಿಡೋಣವೆಂದು ಹೆಂಡತಿಗೆ ಹೇಳುತ್ತಾನೆ. ಕಲ್ಲು ತುಂಬಿದ ಪೆಟ್ಟಿಗೆ ಸದ್ದು ಮಾಡುತ್ತ ಬಾವಿಗೆ ಬೀಳುತ್ತದೆ. ಕಳ್ಳರು ಇರುಳೆಲ್ಲ ನೀರು ಸೇದುತ್ತಾರೆ. ರಾಮಕೃಷ್ಣನು ಸದ್ದಿಲ್ಲದೆ ಆ ನೀರನ್ನು ಪಾತಿಗಳಿಗೆ ತಿರುಗಿಸುತ್ತಾನೆ. ಬೆಳಗಾಗುವ ಹೊತ್ತಿಗೆ ತೋಟವೆಲ್ಲ ತೊಯ್ದಿರುತ್ತದೆ.

ಇಲ್ಲಿ ಕಳ್ಳರ ದುರಾಸೆಯೇ ಅವರ ಸೋಲಿಗೆ ಕಾರಣವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಅದು ಅರ್ಧಸತ್ಯ. ಕದ್ದಾಲಿಸಿದ ಮಾತನ್ನು ಪರೀಕ್ಷಿಸಲು ಕದ್ದಾಲಿಸಿದವನಿಗೆ ದಾರಿಯಿಲ್ಲ ಎಂಬುದು ಅದಕ್ಕಿಂತ ಮುಖ್ಯವಾದ ಕಾರಣ. ಎದುರು ನಿಂತು ಕೇಳುವವನಾದರೆ ಮರುಪ್ರಶ್ನೆ ಹಾಕಬಹುದು. ಮರೆಯಲ್ಲಿ ನಿಂತವನು ಹಾಗೆ ಮಾಡಲಾರ. ತನಗೆ ಕೇಳಿಸಬಾರದ ಮಾತು ಕೇಳಿಸಿತೆಂಬ ಭಾವನೆಯೇ ಆ ಮಾತಿಗೆ ಸತ್ಯದ ತೂಕವನ್ನು ತಂದುಕೊಡುತ್ತದೆ. ರಾಮಕೃಷ್ಣನು ಕಳ್ಳರೊಡನೆ ಒಂದು ಮಾತನ್ನೂ ಆಡುವುದಿಲ್ಲ. ಅವರಿಗೆ ನೇರವಾಗಿ ಸುಳ್ಳನ್ನೂ ಹೇಳುವುದಿಲ್ಲ. ಹೆಂಡತಿಯೊಡನೆ ಆಡಿದ ಮಾತು ಅವರ ಕಿವಿಗೆ ಬೀಳುವಂತೆ ನೋಡಿಕೊಳ್ಳುತ್ತಾನೆ, ಅಷ್ಟೆ. ಕಥೆಯಲ್ಲಿ ಹೆಂಡತಿಯ ಪಾತ್ರವೂ ಗಮನಾರ್ಹ. ಆಕೆ ಆ ಕ್ಷಣದಲ್ಲಿ ಬೆದರಿ ‘ಯಾವ ಕಳ್ಳರು?’ ಎಂದು ಹೊರಗೆ ಇಣುಕಿದ್ದರೆ ಉಪಾಯ ಅಲ್ಲಿಗೇ ಮುಗಿಯುತ್ತಿತ್ತು. ಸಮಾಧಾನ ಇಲ್ಲಿ ಒಬ್ಬನ ಗುಣವಲ್ಲ, ಇಡೀ ಮನೆಯ ಗುಣ.

3

ಓಬವ್ವನ ಐತಿಹ್ಯದಲ್ಲಿ ಇದೇ ತತ್ತ್ವ ನಗೆಯನ್ನು ಕಳಚಿಕೊಂಡು ನಿಲ್ಲುತ್ತದೆ. ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನ್ಯ ಕೋಟೆಯನ್ನು ಮುತ್ತಿತ್ತು. ಏಳು ಸುತ್ತಿನ ಕೋಟೆಯನ್ನು ಎದುರಿನಿಂದ ಭೇದಿಸಲಾಗದೆ ಸೈನಿಕರು ಬಂಡೆಗಳ ನಡುವಿನ ಒಂದು ಕಿರುಗಂಡಿಯಿಂದ ನುಸುಳಲು ಯತ್ನಿಸಿದರು. ಕಾವಲುಗಾರನು ಊಟಕ್ಕೆ ಹೋಗಿದ್ದ ಹೊತ್ತು ಅದು. ನೀರಿಗೆಂದು ಬಂದ ಅವನ ಹೆಂಡತಿ ಓಬವ್ವ ಕಿಂಡಿಯೊಳಗಿನ ಸದ್ದನ್ನು ಗುರುತಿಸಿ, ಒನಕೆ ಹಿಡಿದು ಕಿಂಡಿಯ ಬಾಯಲ್ಲಿ ನಿಂತು, ತೆವಳಿಕೊಂಡು ತಲೆ ಹೊರಹಾಕಿದವರನ್ನು ಒಬ್ಬೊಬ್ಬರಾಗಿ ಹೊಡೆದು ಕೊಂದಳು. ಐತಿಹ್ಯದ ಸ್ಥೂಲರೂಪ ಇಷ್ಟು. ಕೋಟೆಯಲ್ಲಿ ತಣ್ಣೀರು ದೋಣಿಯ ಸಮೀಪದ ಆ ಸಂದಿಯನ್ನು ಇಂದಿಗೂ ‘ಓಬವ್ವನ ಕಿಂಡಿ’ ಎಂದು ತೋರಿಸಲಾಗುತ್ತದೆ.

ಈ ಐತಿಹ್ಯವನ್ನು ಶೌರ್ಯದ ಕಥೆಯೆಂದು ಆರಾಧಿಸುವ ಭರದಲ್ಲಿ ಅದರ ಒಂದು ವಿವರ ಮರೆಗೆ ಸರಿದಿದೆ. ಓಬವ್ವ ಹೊಡೆದುರುಳಿಸಿದ ಪ್ರತಿಯೊಬ್ಬನ ಶವವನ್ನೂ ಪಕ್ಕಕ್ಕೆ ಎಳೆದು ಹಾಕುತ್ತಾಳೆ. ಕಥೆಯ ಬೀಗದ ಕೈ ಇರುವುದು ಇಲ್ಲಿಯೇ. ಮೊದಲನೆಯ ಶವ ಕಿಂಡಿಯ ಬಾಯಲ್ಲೇ ಉಳಿದಿದ್ದರೆ ಎರಡನೆಯವನು ಎಚ್ಚೆತ್ತು ಹಿಂದಿರುಗುತ್ತಿದ್ದ. ಗುಟ್ಟಾಗಿ ಬರುತ್ತಿರುವ ಸೈನಿಕರು ಒಬ್ಬರನ್ನೊಬ್ಬರು ಕೂಗಿ ಕರೆಯುವಂತಿಲ್ಲ. ಮುಂದೆ ಹೋದವನ ಮೌನವನ್ನು ಹಿಂದಿರುವವನು ಸುರಕ್ಷಿತತೆಯ ಗುರುತೆಂದೇ ಭಾವಿಸಬೇಕು. ಸತ್ತವನ ಮೌನಕ್ಕೂ ಅಡಗಿದವನ ಮೌನಕ್ಕೂ ಕಿಂಡಿಯ ಆಚೆಯಿಂದ ವ್ಯತ್ಯಾಸ ತಿಳಿಯದು. ಓಬವ್ವನ ಕೈಯಲ್ಲಿದ್ದುದು ಭತ್ತ ಕುಟ್ಟುವ ಒನಕೆ. ಆದರೆ ಅವಳ ನಿಜವಾದ ಸಾಧನ ಶತ್ರುವಿನ ಆ ಮೌನ. ಕಿಂಡಿ ಇಕ್ಕಟ್ಟಾಗಿದ್ದುದರಿಂದ ಸೈನ್ಯವೊಂದು ಒಂಟಿ ಮನುಷ್ಯರ ಸಾಲಾಗಿ ಒಡೆದುಹೋಯಿತು. ಗುಟ್ಟಾಗಿದ್ದುದರಿಂದ ಆ ಸಾಲಿನ ಕೊಂಡಿಗಳು ಒಂದಕ್ಕೊಂದು ಕುರುಡಾದವು.

ಜಾಗತಿಕ ಕಥಾಸಾಹಿತ್ಯದಲ್ಲಿ ಈ ಆಶಯ ಒಂಟಿಯಲ್ಲ. ಮನೆಯೊಳಗೆ ನುಸುಳುವ ದರೋಡೆಕೋರರ ತಲೆಗಳನ್ನು ಒಂದೊಂದಾಗಿ ಕಡಿಯುವ ಆಶಯವನ್ನು ಸ್ಟಿತ್ ಥಾಮ್ಸನ್‌ನ ಆಶಯಸೂಚಿ ಕೆ 912 ಎಂಬ ಸಂಖ್ಯೆಯಲ್ಲಿ ಗುರುತಿಸಿದೆ. ಹ್ಯಾನ್ಸ್ ಯೋರ್ಗ್ ಊಥರ್ 2004ರಲ್ಲಿ ಪರಿಷ್ಕರಿಸಿದ ಕಥಾವರ್ಗಸೂಚಿಯಲ್ಲಿ, ಮನೆಯಲ್ಲಿ ಒಂಟಿಯಾಗಿದ್ದ ಜಾಣೆ ಕಳ್ಳರನ್ನು ಕೊಲ್ಲುವ ಕಥೆಗೆ 956 ಬಿ ಎಂಬ ಸಂಖ್ಯೆಯಿದೆ. ಅಲಿಬಾಬಾನ ಕಥೆಯ ದಾಸಿ ಮಾರ್ಜಿಯಾನಳೂ ಇದೇ ಬಳಗದವಳು. ಎಣ್ಣೆಯ ಜಾಡಿಯೊಳಗಿನಿಂದ ಕಳ್ಳನೊಬ್ಬನು ಸಮಯವಾಯಿತೇ ಎಂದು ಪಿಸುಗುಟ್ಟಿದಾಗ ಆಕೆ ಬೆಚ್ಚದೆ, ಅವರ ನಾಯಕನೇ ಉತ್ತರಿಸಿದನೆಂಬಂತೆ, ಇನ್ನೂ ಆಗಿಲ್ಲವೆನ್ನುತ್ತಾಳೆ. ಜಾಡಿಯಲ್ಲಿ ಅಡಗಿದವನಿಗೆ ಧ್ವನಿ ಯಾರದೆಂದು ನೋಡುವ ಅವಕಾಶವಿಲ್ಲ.

ಆಶಯ ಲೋಕಸಾಮಾನ್ಯವಾದ ಮಾತ್ರಕ್ಕೆ ಓಬವ್ವನ ಚಾರಿತ್ರಿಕತೆ ಇಲ್ಲವಾಗುವುದಿಲ್ಲ; ನಡೆದ ಘಟನೆಯೂ ನೆನಪಿನಲ್ಲಿ ಉಳಿಯುವಾಗ ಪರಿಚಿತ ಕಥಾರೂಪವನ್ನೇ ತೊಡುತ್ತದೆ. ಆದರೆ ಇಲ್ಲೊಂದು ಮಹತ್ತ್ವದ ಭೇದವಿದೆ. 956 ಬಿ ವರ್ಗದ ಜಾಣೆ ಸಾಮಾನ್ಯವಾಗಿ ಕಥೆಯ ಕೊನೆಯವರೆಗೆ ಬದುಕುತ್ತಾಳೆ. ಓಬವ್ವ ಅದೇ ದಿನ ಸಾಯುತ್ತಾಳೆ. ಶತ್ರುವಿನ ಕೈಯಿಂದ ಸತ್ತಳೆಂದು ಕೆಲವರೂ ಆಘಾತದಿಂದ ಸತ್ತಳೆಂದು ಕೆಲವರೂ ಹೇಳುತ್ತಾರೆ. ಈ ಎರಡನೆಯ ಪಾಠ ಸೂಕ್ಷ್ಮವಾದುದು. ಕೆಲಸ ಮುಗಿಯುವವರೆಗೆ ಹಿಡಿದಿಟ್ಟ ಭಯ ಕೆಲಸ ಮುಗಿದ ಮೇಲೆ ತನ್ನ ಬೆಲೆಯನ್ನು ಕೇಳಿತೆಂಬ ಅರಿವು ಅದರಲ್ಲಿದೆ. ಸಮಾಧಾನವೆಂದರೆ ಭಯವಿಲ್ಲದಿರುವುದಲ್ಲ, ಭಯವನ್ನು ಮುಂದೂಡುವುದು ಎಂದು ಜನಪದರು ಬಲ್ಲರು.

4

ಮುಂದೂಡುವ ಈ ಉಪಾಯವೇ ಮೂರನೆಯ ಕಥನದ ಜೀವಾಳ. 1990ರ ದಶಕದಲ್ಲಿ ಬೆಂಗಳೂರು ಮತ್ತು ಕರ್ನಾಟಕದ ಇತರ ಹಲವೆಡೆ ಮನೆಗಳ ಬಾಗಿಲ ಮೇಲೆ, ಗೋಡೆಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಇರುಳಿನಲ್ಲಿ ದೆವ್ವವೊಂದು ಮನೆಯವರದೇ ಧ್ವನಿಯಲ್ಲಿ ಕರೆದು ಕದ ತಟ್ಟುತ್ತದೆ, ತೆರೆದವರು ಸಾಯುತ್ತಾರೆ ಎಂಬುದು ವದಂತಿ. ಬಾಗಿಲಿನ ಬರಹವನ್ನು ಓದಿ ಅದು ಹಿಂದಿರುಗುತ್ತದೆ. ಮರುದಿನ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ. 2018ರಲ್ಲಿ ತೆರೆಕಂಡ ‘ಸ್ತ್ರೀ’ ಎಂಬ ಹಿಂದೀ ಚಲನಚಿತ್ರ ಈ ಕಥನವನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು.

ಈ ಕಥನವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಅದರ ರಚನೆಯನ್ನು ಗಮನಿಸುವುದು ಹೆಚ್ಚು ಫಲಪ್ರದ. ಇಲ್ಲಿ ಮಂತ್ರವಿಲ್ಲ, ಬಲಿಯಿಲ್ಲ, ಮಾಂತ್ರಿಕನಿಲ್ಲ. ಆಗಂತುಕವನ್ನು ‘ಹೋಗು’ ಎಂದು ಗದರಿಸುವುದೂ ಇಲ್ಲ. ಬೇಡದ ಅತಿಥಿಗೆ ಹೇಳುವ ಸಭ್ಯವಾದ ಎರಡು ಮಾತುಗಳು ಮಾತ್ರ. ಕಿರಾಣಿ ಅಂಗಡಿಗಳ ‘ಇಂದು ನಗದು, ನಾಳೆ ಸಾಲ’ ಎಂಬ ಫಲಕದ ತರ್ಕವೇ ಇಲ್ಲಿಯೂ ಕೆಲಸ ಮಾಡಿದೆ. ‘ನಾಳೆ’ ಎಂಬುದು ಎಂದಿಗೂ ಬಾರದ ದಿನ. ಬಂದೊಡನೆ ಅದು ‘ಇಂದು’ ಆಗಿಬಿಡುತ್ತದೆ. ಬೇರೆಯವರ ಧ್ವನಿಯ ಮರೆಯಲ್ಲಿ ಬರುವ ದೆವ್ವಕ್ಕೂ ಒಂದು ಕಟ್ಟಳೆಯಿದೆ: ಅದು ಕದವನ್ನು ಮುರಿಯಲಾರದು, ಒಳಗಿನವರು ತೆರೆಯಬೇಕು. ಮಾತಿನ ಮೇಲೆ ಅವಲಂಬಿಸಿ ಬಂದದ್ದು ಮಾತಿಗೇ ಕಟ್ಟುಬೀಳುತ್ತದೆ.

5

‘ಕಳ್ಳನ ಮನಸ್ಸು ಹುಳ್ಳುಳ್ಳಗೆ’ ಎಂಬ ಗಾದೆಯನ್ನು ಮೇಲಿನ ಗಾದೆಯ ಜೊತೆಗಿಟ್ಟು ಓದಿದಾಗ ಈ ಕಥನಗಳ ತಿರುಳು ಸ್ಪಷ್ಟವಾಗುತ್ತದೆ. ಬಲಿಷ್ಠನಾಗಿ ಕಾಣುವ ಆಗಂತುಕನು ತನ್ನ ಗುಟ್ಟಿಗೆ ತಾನೇ ಸೆರೆಯಾಳು. ಒಳಗಿನವರು ಕಿರುಚಿದರೆ ಗುಟ್ಟು ಒಡೆಯುತ್ತದೆ. ಗುಟ್ಟು ಒಡೆದೊಡನೆ ಅವನು ತನ್ನ ಬಲವನ್ನು ಬಳಸಲು ಸ್ವತಂತ್ರನಾಗುತ್ತಾನೆ. ಆದ್ದರಿಂದ ಕಥೆಯ ಜಾಣರು ಆ ಗುಟ್ಟನ್ನು ಅವನಿಗಿಂತ ಹೆಚ್ಚು ಜತನದಿಂದ ಕಾಯುತ್ತಾರೆ. ಸಮಾಧಾನಚಿತ್ತ ಇಲ್ಲಿ ನೀತಿಪಾಠದ ಸದ್ಗುಣವಲ್ಲ, ಉಪಾಯದ ಅವಶ್ಯಕ ಅಂಗ.

ಈ ಗೆಲುವಿನ ಮಿತಿಯನ್ನೂ ಪರಂಪರೆ ಮರೆತಿಲ್ಲ. ಓಬವ್ವ ಒಂದು ಕಿಂಡಿಯನ್ನು ಕಾದಳು. 1779ರಲ್ಲಿ ದುರ್ಗ ಹೈದರನ ವಶವಾಯಿತು, ಮದಕರಿ ನಾಯಕ ಸೆರೆಯಾದ. ಯುಕ್ತಿ ಯುದ್ಧವನ್ನು ಗೆಲ್ಲಿಸಲಿಲ್ಲ, ಒಂದು ಹಗಲನ್ನು ಉಳಿಸಿತು. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 1972ರ ‘ನಾಗರಹಾವು’ ಚಲನಚಿತ್ರ ಓಬವ್ವನ ರೂಪವನ್ನು ನಾಡಿನ ಕಣ್ಣಲ್ಲಿ ಸ್ಥಿರಗೊಳಿಸಿತು. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಹೀಗೆ ಒಂದು ಪಾಠ ಗಟ್ಟಿಯಾದಂತೆ ಉಳಿದ ಪಾಠಗಳು ಕ್ಷೀಣಿಸುವುದು ಸಹಜ. ಎತ್ತಿದ ಒನಕೆಯ ಚಿತ್ರ ಉಳಿದು, ಶವಗಳನ್ನು ಸದ್ದಿಲ್ಲದೆ ಪಕ್ಕಕ್ಕೆಳೆದ ಕೈಗಳ ನೆನಪು ಅಳಿದರೆ, ಉಳಿಯುವುದು ಶೌರ್ಯದ ಕಥೆ ಮಾತ್ರ. ಬುದ್ಧಿಯ ಕಥೆ ಕಳೆದುಹೋಗುತ್ತದೆ. ದುರ್ಗದ ಸೀಮೆಯ ಹಿರಿಯರ ಬಾಯಲ್ಲಿರುವ ಪಾಠಾಂತರಗಳನ್ನೂ ಬಾಗಿಲುಗಳಿಂದ ಅಳಿಸಿಹೋದ ‘ನಾಳೆ ಬಾ’ ಬರಹದ ನೆನಪುಗಳನ್ನೂ ಸಂಗ್ರಹಿಸುವ ಕಾರ್ಯವನ್ನು ಮಾತ್ರ ನಾಳೆಗೆ ಮುಂದೂಡುವಂತಿಲ್ಲ.